ಅಕ್ಕನ ವಿಮಾನ, ಮೇಷ್ಟ್ರ ದಾರ

“ಇಲ್ಲಿ ಬೆಳಗ್ಗೆ ಐದಕ್ಕೆ ಹತ್ತಿ, ಮಧ್ಯಾಹ್ನ ಎರಡಕ್ಕೆ ನಿಮ್ಮೂರಲ್ಲಿ ಇಳೀತೀನಿ. ಮುಂದಿನ ವಿಮಾನಕ್ಕೆ ನಾಲ್ಕು ಗಂಟೆ ಬಿಡುವಿದೆ. ಗೇಟಿನ ಹತ್ರ ನಿಂತಿರು ಕಣೋ” ಎಂದು ಹಿಂದಿನ ರಾತ್ರಿ ಅಕ್ಕ ಪರದೇಶದಿಂದ ಫೋನಿನಲ್ಲಿ ಹೇಳಿದ್ದಳು. ತಾಯಿ ಸತ್ತ ಮೇಲೆ ತಲೆ ಬಾಚಿ, ಬೈದು, ಸಾಕಿದ ಅಕ್ಕ. ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಮಾತಾಡುವವರಿಲ್ಲದೆ ರೇಡಿಯೋ ಹಾಕಿಕೊಂಡು ಉಣ್ಣುವ ಕನ್ನಡಕದಂಗಡಿಯವನಿಗೆ ನಿದ್ದೆಯೇ ಹತ್ತಲಿಲ್ಲ.

ಬೆಳಗ್ಗೆ ಆ ಸಂತೋಷವನ್ನು ಮೆಟ್ಟಿಲ ಮೇಲೆ ಓನರಮ್ಮನಿಗೆ ಹೇಳಿದ್ದೇ ಅವನು ಮಾಡಿದ ತಪ್ಪು.

“ಎರಡು ಅಂದ್ರೆ ಯಾರ ಗಡಿಯಾರದಲ್ಲಿ?” ಎಂದು ಕೇಳಿದ ಓನರಮ್ಮ, ಕೆಳಮನೆಯ ಭೂಗೋಳದ ಮೇಷ್ಟ್ರನ್ನು ಕರೆದರು. ನಿವೃತ್ತರಾದ ಮೇಲೆ ಮೇಷ್ಟ್ರನ್ನು ಯಾರೂ ಏನೂ ಕೇಳಿರಲಿಲ್ಲ. ಗ್ಲೋಬು, ದಾರ ಹಿಡಿದು ಓಡೋಡಿ ಬಂದರು.

“ಐದರಿಂದ ಎರಡಕ್ಕೆ ಒಂಬತ್ತು ಗಂಟೆ ಪ್ರಯಾಣ. ಫೋನ್ ಕೊಡಯ್ಯ, ಭಾಗಾಕಾರ ಇದೆ.”

ದಾರ ಅಳೆದ ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಬರೀ ಐದು ಗಂಟೆ ಬಂತು. ಮೇಷ್ಟ್ರು ದಾರವನ್ನು ಸಡಿಲ ಬಿಟ್ಟು, ಸಮುದ್ರದ ಮೇಲೆ ಒಂದು ಸುತ್ತು ಹಾಕಿಸಿ ಒಂಬತ್ತು ಮಾಡಿದರು.

“ಸರಿಹೋಯ್ತು! ಎರಡು ಅನ್ನೋದು ಅವರ ಗಡಿಯಾರ. ಅದು ನಮಗಿಂತ ನಾಲ್ಕು ಗಂಟೆ ಹಿಂದೆ. ಇಲ್ಲಿ ಆರಕ್ಕೆ ಇಳೀತಾರೆ.”

“ಆದ್ರೂ ಎರಡಕ್ಕೇ ಹೋಗಿ ನಿಂತಿರ್ತೀನಿ ಮೇಷ್ಟ್ರೇ…”

“ನಾಲ್ಕು ಗಂಟೆ ಬಿಸಿಲಲ್ಲಿ ಒಣಗ್ತೀಯಾ? ನಾವೂ ಬರ್ತೀವಿ” ಎಂದರು ಓನರಮ್ಮ. ಎದುರಿನ ಟೈಲರ್ ಅಂಗಡಿ ಮುಚ್ಚಿ ವ್ಯಾನು ತಂದ. ಮೂರೂವರೆಗೆ ಇಡೀ ಬೀದಿ ವ್ಯಾನಿನಲ್ಲಿತ್ತು. ಮೇಷ್ಟ್ರ ನಾಯಿಗೆ ಕಿಟಕಿಯ ಸೀಟು ಸಿಕ್ಕಿತು, ಕನ್ನಡಕದಂಗಡಿಯವನು ಸ್ಟೆಪ್ನಿಯ ಮೇಲೆ ಕುಳಿತ.

ಆರಾಯಿತು. ಬಂದವರಲ್ಲಿ ಅಕ್ಕ ಇರಲಿಲ್ಲ. ವಿಚಾರಣೆಯ ಕಿಟಕಿಯ ಹುಡುಗಿ ಅವನನ್ನು ಮರುಕದಿಂದ ನೋಡಿದಳು. “ಅದು ಎರಡಕ್ಕೇ ಬಂತಲ್ಲ ಸರ್. ಇಳಿಯೋ ಹೊತ್ತನ್ನ ಇಳಿಯೋ ಊರಿನ ಗಡಿಯಾರದಲ್ಲೇ ಹೇಳೋದು.”

ಅವನು ಗಕ್ಕನೆ ಹಿಂದಿರುಗಿದ. “ಮೇಷ್ಟ್ರೇ, ನನ್ನ ಫೋನು!”

“ತಗೋ. ಯಾವುದೋ ಗೊತ್ತಿಲ್ಲದ ನಂಬರು ಮಧ್ಯಾಹ್ನದಿಂದ ಒಂದೇ ಸಮ ಬಡ್ಕೊಳ್ತಿತ್ತು. ಲೆಕ್ಕ ತಪ್ಪುತ್ತೆ ಅಂತ ಕಟ್ ಮಾಡ್ತಾ ಬಂದೆ.”

ಆ ನಂಬರು ಮತ್ತೆ ಬಡಿದುಕೊಂಡಿತು. ಅಕ್ಕ!

“ಇಲ್ಲಿ ಇಳಿದ ಮೇಲೆ ತಗೊಂಡ ಹೊಸ ನಂಬರು ಕಣೋ, ವಿಮಾನ ಹೊರಡ್ತಿದೆ. ಕಾದು ಕಾದು ನಿನ್ನ ಮನೆಗೇ ಹೋಗಿದ್ದೆ. ಬೀದೀಲಿ ಒಂದು ನರಪಿಳ್ಳೆ ಇಲ್ಲ, ಒಂದು ನಾಯೀನೂ ಇಲ್ಲ!”

“ಎಲ್ಲರೂ… ನಿನ್ನನ್ನ ನೋಡೋಕೇ ಬಂದಿದ್ದೀವಿ ಅಕ್ಕ.”

ಅತ್ತ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. “ಅಷ್ಟು ಜನ ಇದಾರಾ ನಿನಗೆ? ಒಬ್ಬನೇ ಇದೀಯ ಅಂತ ಸುಮ್ಮನೆ ಕೊರಗ್ತಿದ್ನಲ್ಲೋ. ನೆಮ್ಮದಿಯಾಯ್ತು ಬಿಡು. ಇನ್ನು ಈ ದಾರಿ ಸುತ್ತಿಕೊಂಡು ಬರೋದು ಬೇಕಿಲ್ಲ.”

ಕರೆ ಕಡಿಯಿತು. ತಲೆಯ ಮೇಲೆ ಒಂದು ವಿಮಾನ ಗುಡುಗುತ್ತಾ ಹೋಯಿತು. ಅಷ್ಟು ಜನರ ನಡುವೆ ನಿಂತು ಅವನು ಮಗುವಿನಂತೆ ಅತ್ತ.

ಮೇಷ್ಟ್ರು ಮೆಲ್ಲನೆ ಅವನ ಹೆಗಲ ಮೇಲೆ ಕೈ ಹಾಕಿದರು. ಇನ್ನೊಂದು ಕೈ ಜೇಬಿನಲ್ಲಿ ದಾರ ಹುಡುಕುತ್ತಿತ್ತು.

“ಅಳಬೇಡವೋ. ಫೋನ್ ಕೊಡು, ಅಕ್ಕ ಎಷ್ಟು ಹೊತ್ತಿಗೆ ತಲುಪ್ತಾರೆ ಅಂತ ಹೇಳ್ತೀನಿ.”