ಒಂದೇ ನೋಟಕ್ಕೆ ತಿಳಿಯುವ ನಕ್ಷೆ

ಏಳು ಸಮುದ್ರದಾಚೆ ಏನಲ್ಲ, ಬಸ್ ನಿಲ್ದಾಣದ ಹಿಂದೆಯೇ ಒಂದು ನೀರು ಸರಬರಾಜು ಕಚೇರಿ ಇತ್ತಂತೆ. ಅಲ್ಲಿ ಸೋರುವ ನಲ್ಲಿಗಳ ದೂರು ಬರೆದುಕೊಳ್ಳುವ ಒಬ್ಬ ಗುಮಾಸ್ತನಿದ್ದನಂತೆ. ತವರಿಗೆ ಹೋಗಿದ್ದ ಅವನ ಹೆಂಡತಿ ಆ ಬೆಳಿಗ್ಗೆ ಫೋನಿನಲ್ಲಿ, "ನಾಳೆ ಬಂದು ಕರ್ಕೊಂಡು ಹೋದ್ರೆ ಸರಿ. ಇಲ್ಲಾಂದ್ರೆ ಆ ನಲ್ಲಿಗಳ ಜೊತೇಲೇ ಸಂಸಾರ ಮಾಡ್ಕೊಳ್ಳಿ" ಎಂದಿದ್ದಳು.

ಕತೆಯ ರಾಜರು ಗೆದ್ದವನಿಗೆ ಅರ್ಧ ರಾಜ್ಯ ಕೊಡುತ್ತಾರೆ. ಈ ಕಚೇರಿಯ ಸಾಹೇಬರು ಎರಡು ದಿನ ರಜೆ ಕೊಡುತ್ತೇನೆಂದರು.

"ಸಂಜೆ ಮೇಲಧಿಕಾರಿ ಮೇಡಂ ಬರ್ತಾರೆ. ಯಾವ ತಿಂಗಳು ಎಷ್ಟು ದೂರು ಬಾಕಿ ಉಳೀತು ಅನ್ನೋದು ಒಂದೇ ನೋಟಕ್ಕೆ ತಿಳೀಬೇಕು. ಅಂಥಾ ನಕ್ಷೆ ಬರೆದು ಗೋಡೆಗೆ ಅಂಟಿಸು, ಆಮೇಲೆ ಹೊರಡು."

ಗುಮಾಸ್ತ ಹಾಳೆಯ ಮೇಲೆ ತಿಂಗಳಿಗೊಂದು ಕಂಬ ಎಳೆದು ನೀಲಿ ಬಳಿದ. ಟೈಪಿಸ್ಟ್ ಅಕ್ಕ ಬಗ್ಗಿ ನೋಡಿದಳು.

"ಏನಪ್ಪಾ ಇದು, ಸಾವಿನ ಮನೆ ಥರ! ತಿಂಗಳಿಗೊಂದು ಬಣ್ಣ ಹಾಕು."

ಹಾಕಿದ. ಉಗ್ರಾಣದವನು ಬಂದ. "ಕಂಬ ಯಾಕಯ್ಯಾ? ನಾವೇನು ಕರೆಂಟಿನವರಾ? ನಲ್ಲಿ ಬರಿ. ದೂರು ಜಾಸ್ತಿ ಇದ್ದಷ್ಟೂ ದಪ್ಪ ನಲ್ಲಿ."

ಬರೆದ. ಲೆಕ್ಕಪತ್ರದ ಹಿರಿಯರು ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿದರು. "ಮರ್ಯಾದಸ್ಥರ ನಕ್ಷೆ ದುಂಡಗಿರುತ್ತೆ, ಮಗೂ."

ಹೀಗೆ ಹನ್ನೆರಡು ಬಣ್ಣದ ಹನ್ನೆರಡು ನಲ್ಲಿಗಳು ದುಂಡಗೆ ನಿಂತು, ಜಗಳ ಹತ್ತಿದ ಓರಗಿತ್ತಿಯರಂತೆ ಒಂದರ ಮುಖಕ್ಕೊಂದು ನೀರೆರಚತೊಡಗಿದವು.

ಸಾಹೇಬರು ಹಾಳೆಯನ್ನು ತಿರುಗಿಸಿ ನೋಡಿದರು, ತಲೆಕೆಳಗೂ ಮಾಡಿ ನೋಡಿದರು. "ಇದೇನಯ್ಯಾ, ಆಕ್ಟೋಪಸ್ಸಿಗೆ ಹೊಟ್ಟೆನೋವಾ?"

"ನಾನು ಆಗ್ಲೇ ಬಡ್ಕೊಂಡೆ ಸಾರ್, ಸಾದಾ ಇರ್ಲಿ ಅಂತ" ಎಂದಳು ಟೈಪಿಸ್ಟ್ ಅಕ್ಕ. ಉಳಿದಿಬ್ಬರು ಫ್ಯಾನು ನೋಡುತ್ತಿದ್ದರು.

ಹೊರಗೆ ಜೀಪು ನಿಂತ ಸದ್ದಾಯಿತು. ಗುಮಾಸ್ತ ಹೊಸ ಹಾಳೆ ಎಳೆದುಕೊಂಡ. ಬಣ್ಣವಿಲ್ಲ, ನಲ್ಲಿಯಿಲ್ಲ. ಕೆಳಗೆ ತಿಂಗಳು, ಪಕ್ಕದಲ್ಲಿ ಸಂಖ್ಯೆ, ನಡುವೆ ಒಂದೇ ಒಂದು ಕಪ್ಪು ಗೆರೆ.

ಮೇಡಂ ನೋಡಿದರು. ಯಾರೂ ವಿವರಿಸಬೇಕಾಗಲಿಲ್ಲ.

"ನಕ್ಷೆ ಅಂದ್ರೆ ಹೀಗಿರ್ಬೇಕು! ವರ್ಷವೆಲ್ಲಾ ಗೆರೆ ನೆಲ ಹಿಡಿದು ಮಲಗಿದೆ. ಎರಡೇ ತಿಂಗಳು ಬೆಟ್ಟ ಹತ್ತಿದೆ. ಆಗೇನಾಯ್ತು?"

ಗುಮಾಸ್ತನಿಗೆ ಆಗ ಹೊಳೆಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಟೈಪಿಸ್ಟ್ ಅಕ್ಕನ ಅಭಿಮಾನ ಉಕ್ಕಿತು.

"ಆ ಎರಡು ತಿಂಗಳೂ ಇವ್ರು ರಜೆ ಹಾಕಿದ್ರು ಮೇಡಂ! ಇನ್ನೊಬ್ಬರ ಮೇಜಿನ ಮೇಲಿನ ಕಾಗದ ನಾವು ಮುಟ್ಟೋದಿಲ್ಲ. ನಮ್ಮ ಕಚೇರೀಲಿ ಅಷ್ಟು ಸಭ್ಯತೆ ಇದೆ."

"ಓಹೋ" ಎಂದು ಮೇಡಂ ಸಾಹೇಬರ ಕಡೆ ತಿರುಗಿದರು. "ಇಷ್ಟು ಸ್ಪಷ್ಟವಾಗಿ ಕಾಣ್ತಿದೆಯಲ್ಲ? ಇನ್ನು ಈ ವರ್ಷ ಇವರಿಗೆ ರಜೆ ಕೊಡ್ಬೇಡಿ."

"ಕೊಡೋದುಂಟೇ ಮೇಡಂ!" ಎಂದರು ಸಾಹೇಬರು.

"ಮತ್ತೆ, ಬೆಟ್ಟದ ಪಕ್ಕ ಕಾರಣಾನೂ ಬರೀರಿ. ಕಾರಣ ಇಲ್ಲದ ನಕ್ಷೆ ಅರ್ಧ ನಕ್ಷೆ."

ಗುಮಾಸ್ತ ಎರಡು ಅಂದವಾದ ಬಾಣಗಳನ್ನೆಳೆದು, ದುಂಡಗಿನ ಅಕ್ಷರದಲ್ಲಿ 'ಗುಮಾಸ್ತರ ರಜೆ' ಎಂದು ಎರಡು ಕಡೆಯೂ ಬರೆದ. ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು. ಎರಡೂ ಕೈಗೆ ಗೋಂದಾಗಿತ್ತು.

"ಎಡಗಡೆ ಸ್ವಲ್ಪ ಮೇಲೆ" ಎಂದರು ಲೆಕ್ಕಪತ್ರದ ಹಿರಿಯರು.

ಅವನು ಸ್ವಲ್ಪ ಮೇಲೆತ್ತಿ, ನಾಲ್ಕೂ ಮೂಲೆ ಒತ್ತಿ, ನಕ್ಷೆಯನ್ನು ಗೋಡೆಗೆ ಅಂಟಿಸಿದ.