ಅಕ್ಕನ ಖಾನಾವಳಿಯ ತುಪ್ಪ

ಹೊಟ್ಟೆ ತುಂಬಿಸಿಕೊಳ್ಳಲು ಹೋದ ಜಾಗದಲ್ಲಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಎದ್ದು ಬರುವುದು ನನಗೆ ರೂಢಿಯಾಗಿಬಿಟ್ಟಿದೆ. ನಾನು ದನದ ಡಾಕ್ಟರು. ಸಂಸಾರ ರೋಣದಲ್ಲಿ, ನೌಕರಿ ಗಜೇಂದ್ರಗಡದಲ್ಲಿ, ಮಧ್ಯಾಹ್ನದ ಊಟ ಅಕ್ಕನ ಖಾನಾವಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಗನನ್ನು ಬೆಳೆಸಿದ ಹೆಂಗಸು. ಊರಿಗೆಲ್ಲ ಅಕ್ಕ. ಊರಿಗೆಲ್ಲ ಬಡಿಸುವುದೂ ತಮ್ಮಂದಿರಿಗೆ ಬಡಿಸಿದ ಹಾಗೆಯೇ.

೧. ಊಟ ಮುಗಿಸುವ ಬಗೆ

ಹಾಸನದ ಕಡೆಯಿಂದ ಬಂದ ಹೊಸ ಬ್ಯಾಂಕ್ ಮ್ಯಾನೇಜರು ಒಂದು ದಿನ ನನ್ನ ಎದುರಿಗೆ ಕುಳಿತರು. ರೊಟ್ಟಿ ತಿಂದು ಮುಗಿಸುತ್ತಾರೆ, ಅಕ್ಕ ಇನ್ನೊಂದು ಹಾಕುತ್ತಾಳೆ. ತಟ್ಟೆ ಖಾಲಿ ಇದ್ದರೆ ಈಕೆಗೆ ಸಂಕಟ, ತಟ್ಟೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ ಎಂದು ಅವರಿಗೆ ಸಂಕಟ. "ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ, ಅಕ್ಕ ಕೈಯ ಮೇಲೆಯೇ ರೊಟ್ಟಿ ಇಟ್ಟು ಹೋದಳು. ನಮ್ಮ ಕಡೆ ಒಂದೇ ಸಲ "ಸಾಕು" ಅಂದರೆ ನಾಚಿಕೆ ಎಂದು ಅರ್ಥ.

ಪಾಪ, ಅವರು ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು: "ಸರ್, ಇಲ್ಲಿ ಊಟ ಮುಗಿಸೋದು ಹೇಗೆ?"

"ಸುಮ್ಮನೆ ಎದ್ದು ಕೈ ತೊಳೆದುಬಿಡಿ" ಎಂದೆ.

ಅವರು ಕೈ ತೊಳೆದು, ಕರವಸ್ತ್ರದಿಂದ ಒರೆಸಿಕೊಂಡು, ಗೆದ್ದವರ ಹಾಗೆ ತಿರುಗಿ ಬಂದರು. ತಟ್ಟೆಯಲ್ಲಿ ಅನ್ನ ಹಬೆಯಾಡುತ್ತಿತ್ತು. ಅಕ್ಕ ಸಾರಿನ ಸೌಟು ಹಿಡಿದು ನಿಂತಿದ್ದಳು.

"ಚಲೋ ಮಾಡಿದ್ರಿ. ಅನ್ನಕ್ಕ ಸ್ವಚ್ಛ ಕೈ ಬೇಕರಿ."

೨. ಗಟ್ಟಿ ಮತ್ತು ತೆಳು

ದನದ ಡಾಕ್ಟರಿಗೆ ಊಟದ ಹೊತ್ತು ಅಂತ ಬೇರೆ ಇರುವುದಿಲ್ಲ. ಅಬ್ಬಿಗೇರಿಯ ರೈತನೊಬ್ಬ ದವಾಖಾನೆಯಲ್ಲಿ ನನ್ನನ್ನು ಕಾಣದೆ ಹುಡುಕಿಕೊಂಡು ಖಾನಾವಳಿಗೇ ಬಂದ.

"ಎಮ್ಮಿಗೆ ನಿನ್ನಿಯಿಂದ ಭೇದಿ ಹತ್ತೈತ್ರಿ, ಡಾಕ್ಟರ್ ಸಾಹೇಬ್ರ."

ನಾನು ರೊಟ್ಟಿ ಮುರಿಯುತ್ತ, ಅಭ್ಯಾಸಬಲದಿಂದ, "ಹ್ಯಾಂಗೈತಿ?" ಎಂದು ಕೇಳಿದೆ. ಕೇಳಬಾರದಿತ್ತು. ಅವನು ಸುತ್ತ ನೋಡಿ, ಪಕ್ಕದಲ್ಲಿ ಉಣ್ಣಲು ಕುಳಿತ ಸೀರೆ ವ್ಯಾಪಾರಿಯ ಬೇಳೆಯ ಬಟ್ಟಲಿಗೆ ಬೆರಳು ತೋರಿಸಿದ.

"ಹಿಂಗ ಐತ್ರಿ. ಆದ್ರ ಇಷ್ಟು ಗಟ್ಟಿ ಇಲ್ಲ."

ವ್ಯಾಪಾರಿ ಮುಖ ಕಿವಿಚಿ ಬಟ್ಟಲನ್ನು ದೂರ ತಳ್ಳಿದರು. ಅಕ್ಕ ಒಳಗಿನಿಂದಲೇ ಗದರಿದಳು: "ಇಲ್ಲೆ ದನದ ಸುದ್ದಿ ಊಟ ಮುಗದು ಮಜ್ಜಿಗಿ ಕುಡದ ಮ್ಯಾಲ!" ರೈತ ತಪ್ಪಾಯಿತು ಎಂದು ಕೈ ಮುಗಿದು ಕುಳಿತ. ಒಂದು ಗಳಿಗೆ ಬಿಟ್ಟು ವ್ಯಾಪಾರಿಯ ಕಡೆ ಬಾಗಿದ.

"ಬಟ್ಟಲಾ ಮುಟ್ಟಿಲ್ಲಲ್ರಿ? ನೀವು ಉಣ್ಣೂದಿಲ್ಲಂದ್ರ ಇತ್ತ ಸರಸ್ರಿ."

೩. ಕಾರ್ಡಿನಲ್ಲಿ ಇಲ್ಲದ್ದು

ಅಕ್ಕನ ಮಗ ಒಳ್ಳೆಯ ಹುಡುಗ. ವಯಸ್ಸು ಮೂವತ್ತು ದಾಟಿದರೂ ಅವನಿಗೆ ಕನ್ಯೆ ಸಿಕ್ಕಿರಲಿಲ್ಲ. ಬಂದವರೆಲ್ಲ "ಖಾನಾವಳ್ಯಾಗ ರೊಟ್ಟಿ ಬಡ್ಯಾಕ ನಮ್ಮ ಹುಡುಗಿನ್ನ ಕೊಡೂದಿಲ್ಲ" ಎಂದು ಎದ್ದು ಹೋಗುತ್ತಿದ್ದರು. ಅಕ್ಕನಿಗೆ ಅದೊಂದೇ ಕೊರಗು. ಕೊನೆಗೆ ಮಗ ಖಾನಾವಳಿಯನ್ನು ಫ್ಯಾಮಿಲಿ ರೆಸ್ಟೋರೆಂಟ್ ಮಾಡಿದ. ಪರದೆ ಬಂತು, ಬಣ್ಣದ ದೀಪ ಬಂತು, ಗೋಬಿ ಮಂಚೂರಿಯಿಂದ ಶುರುವಾಗುವ ಮೆನು ಕಾರ್ಡು ಬಂತು.

ದಿನಾ ಬರುವ ನೇಕಾರ ಅಜ್ಜನೊಬ್ಬರಿದ್ದರು. ಕಾರ್ಡನ್ನು ಸೀರೆಯ ಸೆರಗು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ, ಎರಡೂ ಬದಿ ಕೊನೆಯ ಸಾಲಿನವರೆಗೆ ಓದಿದರು. ಮಗ ಹತ್ತಿರ ನಿಂತು, "ಏನ್ ಕೊಡ್ಲಿ, ಅಜ್ಜಾರ?" ಎಂದ.

ಅಜ್ಜ ಕಾರ್ಡು ಮಡಚಿ ಕೊಟ್ಟರು. "ಇದರಾಗ ಇಲ್ಲದ್ದು ಏನೈತಿ, ಅದನ್ನ ಕೊಡಪಾ."

ಅಂದಿನಿಂದ ಆ ರೆಸ್ಟೋರೆಂಟಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಊಟ ಅದೇ. ಕಾರ್ಡಿನಲ್ಲಿ ಇಲ್ಲದ್ದು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

೪. ಪಟಗ

ಇದರಲ್ಲಿ ನನಗೆ ಆಮೇಲೆ ತಿಳಿದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಜಾ ಬರುವುದಿಲ್ಲ. ನರಗುಂದದಿಂದ ಒಂದು ಸಂಬಂಧ ಕೂಡಿಬರುವಂತಿತ್ತು. ಮಧ್ಯಸ್ಥಿಕೆಯವನು ಅಕ್ಕನಿಗೆ ಫೋನು ಮಾಡಿ, "ಇವತ್ತ ಹುಡುಗಿ ಅಪ್ಪ ಹೇಳದ ಕೇಳದ ಬರತಾನು, ಗಿರಾಕಿ ಥರ ಕುಂತು ನಿಮ್ಮ ನಡತಿ ನೋಡತಾನು. ತಲಿಗೆ ದೊಡ್ಡ ಪಟಗ ಸುತ್ತಿರತಾನು, ಜೋಡಿ ಇನ್ನಿಬ್ರು ಇರತಾರ. ಗೊತ್ತಿದ್ದಂಗ ತೋರಿಸಬ್ಯಾಡ್ರಿ" ಎಂದಿದ್ದ.

ಅದು ಸಂತೆಯ ದಿನ. ನಾನು ಹೋದಾಗ ಕುರ್ಚಿ ಖಾಲಿ ಇರಲಿಲ್ಲ. ಮೂಲೆಯ ಮೇಜಿನಲ್ಲಿ ಒಬ್ಬ ಹಿರಿಯರು, ಅವರ ಹೆಂಡತಿ, ಒಬ್ಬ ತರುಣ ಕುಳಿತಿದ್ದರು. ಅಲ್ಲೇ ಜಾಗ ಮಾಡಿಕೊಂಡೆ. ಸೆಕೆಗೆ ಹಿರಿಯರು ತಲೆಯ ಪಟಗ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಮ್ಮ ಮೇಜಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಅಕ್ಕ, ಮಗ, ಕೆಲಸದವರೆಲ್ಲ ನಡುವಿನ ಮೇಜಿಗೆ ಮುತ್ತಿಕೊಂಡಿದ್ದರು. ಅಲ್ಲಿ ದೊಡ್ಡ ಪಟಗದ ಒಬ್ಬರು, ಜೊತೆಗೆ ಇಬ್ಬರು ತರುಣರು. ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಮತ್ತೆ ತುಪ್ಪ. ಮಗ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದ. ಮೇಲೆ ಫ್ಯಾನು ತಿರುಗುತ್ತಿತ್ತು.

"ಅವರು ಈ ಮನಿಗೆ ಏನಾಗಬೇಕ್ರಿ?" ಹಿರಿಯರು ನನ್ನನ್ನು ಕೇಳಿದರು.

"ಏನೂ ಇಲ್ರಿ. ಸವಡಿ ಊರಿನ ರೈತರು. ನನ್ನ ದವಾಖಾನಿಗೆ ಎತ್ತು ತರತಾರ. ಸಂತಿಗೆ ಬಂದಾರ" ಎಂದೆ. ಹಿರಿಯರು ಹೆಂಡತಿಯ ಮುಖ ನೋಡಿದರು.

ಅಷ್ಟರಲ್ಲಿ ಸವಡಿಯವರ ಊಟ ಮುಗಿಯಿತು. ಅಕ್ಕನಿಗೆ ತಡೆಯಲಾಗಲಿಲ್ಲ. ಸೆರಗು ಹೊದ್ದು ಎದುರಿಗೆ ನಿಂತು ಕೇಳಿಯೇ ಬಿಟ್ಟಳು: "ಹುಡುಗಿ ನೋಡಾಕ ನಾವು ಯಾವಾಗ ಬರೋಣ್ರಿ?"

"ಯಾವ ಹುಡುಗಿರಿ?" ಎಂದರು ರೈತರು. "ನನಗ ಇರೋರು ಇಬ್ರೂ ಗಂಡ್ಮಕ್ಕಳು. ಇಲ್ಲೇ ಕುಂತಾರ ನೋಡ್ರಿ. ನಾನೂ ಕನ್ಯಾ ಹುಡುಕಾಕತ್ತೀನಿ. ನಿಮ್ಮ ಕಡೆ ಇದ್ರ ನೀವ ಹೇಳ್ರಿ."

ಮಗನ ಕೈಯ ಬೀಸಣಿಗೆ ನಿಂತಿತು. ಅಕ್ಕನ ಮುಖ ಸಣ್ಣದಾಯಿತು. ಆಗ ನನ್ನ ಪಕ್ಕದ ಹಿರಿಯರು ತೊಡೆಯ ಮೇಲಿನ ಪಟಗ ಎತ್ತಿ ನಿಧಾನವಾಗಿ ಸುತ್ತಿಕೊಂಡರು.

"ಅಕ್ಕಾರ, ನರಗುಂದದವರು ನಾವ್ರಿ."

ಅಕ್ಕ ಲಗುಬಗೆಯಿಂದ ಬಂದು ಕೈ ಮುಗಿದಳು. "ತಪ್ಪಾತ್ರಿ. ನಿಮ್ಮನ್ನ ನೀರು ಸುದ್ದಾ ಕೇಳಲಿಲ್ಲ."

ಹಿರಿಯರು ಹೆಂಡತಿಯ ಕಡೆ ತಿರುಗಿದರು. ಆಕೆಯೇ ಮಾತಾಡಿದಳು: "ಗುರ್ತಿಲ್ಲದ ಗಿರಾಕಿಗೆ ಇಷ್ಟು ತುಪ್ಪ ಹಾಕೋರು ನಮ್ಮ ಹುಡುಗಿನ್ನ ಉಪವಾಸ ಕೆಡವತಾರೇನ್ರಿ? ನಮಗ ಒಪ್ಪಿಗಿ ಐತಿ. ಈಗ ಆ ಹೋಳಿಗಿ ನಮಗೂ ಒಂದೊಂದು ತರಸ್ರಿ, ಹೊಟ್ಟಿ ಹಸದೈತಿ."

ಹೋಳಿಗೆ ಉಳಿದಿರಲಿಲ್ಲ. ಅಷ್ಟೂ ಸವಡಿಯವರ ಹೊಟ್ಟೆ ಸೇರಿತ್ತು. ಬೀಗತನ ಕೊನೆಗೆ ಗೋಬಿ ಮಂಚೂರಿಯ ಮೇಲೆ ಗಟ್ಟಿಯಾಯಿತು.

ಮದುವೆಗೆ ಅಕ್ಕ ಸವಡಿಯವರನ್ನೂ ಕರೆದಿದ್ದಳು. ದೊಡ್ಡ ಪಟಗದ ರೈತರು ಸೀದಾ ಹೋಗಿ ಬೀಗರ ಸಾಲಿನಲ್ಲಿ, ಹುಡುಗಿಯ ಅಪ್ಪನ ಮಗ್ಗುಲಿಗೇ ಕುಳಿತರು. ಬಡಿಸುವವನು ಎಲೆಗೆ ತುಪ್ಪ ಹಾಕಿ ಮುಂದೆ ಹೊರಟಾಗ ಅವನ ಕೈ ಹಿಡಿದು ನಿಲ್ಲಿಸಿದರು.

"ಯಾಕೋ ತಮ್ಮಾ, ತುಪ್ಪ ಇಷ್ಟೇ ಏನು? ಈ ಮನಿಗೆ ಮೊದಲನೇ ಬೀಗ ನಾನು!"