ಓಬಳೆಪ್ಪನ ಜೋರು ಪ್ರಾರ್ಥನೆ

ಓಬಳೆಪ್ಪ ಮೆಲ್ಲಗೆ ಪ್ರಾರ್ಥನೆ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಿಟ್ಟಿನ ಗಿರಣಿ ನಡೆಸಿ ನಡೆಸಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಕೊರೊನಾ ಎರಡನೇ ಸಲ ಬಂದು ಚರ್ಚಿಗೆ ಬೀಗ ಬಿದ್ದ ಮೇಲೆ, ಇರಕಲ್ಲಗಡದ ಕಡೆಯ ಆ ಹಳ್ಳಿಯ ವಿಶ್ವಾಸಿಗಳು ಸಂಜೆ ತಮ್ಮ ತಮ್ಮ ಮಾಳಿಗೆ ಮೇಲೆ ನಿಂತೇ ಸಭೆ ನಡೆಸುತ್ತಿದ್ದರು. ಶನಿವಾರ ತನ್ನ ಸರದಿ ಬಂದಾಗ ಓಬಳೆಪ್ಪ ಎರಡೂ ಕೈ ಎತ್ತಿ ಕೂಗಿದ:

"ಕರ್ತನೇ, ನಾನು ನಿನ್ನ ಸೇವೆಗೆ ಸಿದ್ಧ! ನನ್ನನ್ನು ಉಪಯೋಗಿಸು!"

ಎದುರಿನ ಮಾಳಿಗೆಯಿಂದ ಪಾದ್ರಿಗಳು ಪಟ್ಟನೆ ಆಮೆನ್ ಅಂದರು. "ಛಲೋ ಆತು ಓಬಳೆಪ್ಪ. ಸಾಲ್ಯಾಗ ರೋಗಿಗಳನ್ನ ಇಟ್ಟಾರಲ್ಲ, ನಾಳಿಂದ ಅವರಿಗೆ ಗಂಜಿ ಮುಟ್ಟಿಸೋ ಕೆಲಸ ನಿಮ್ಮದು."

ಎತ್ತಿದ ಕೈ ಎತ್ತಿದಂತೆಯೇ ನಿಂತವು. ಎಲ್ಲಿಗೆ, ಹೇಗೆ ಎಂದು ಕೇಳಲೂ ನಿಲ್ಲದೆ ಓಬಳೆಪ್ಪ ಸರಸರ ಕೆಳಗಿಳಿದ. ಹೋದ ವಾರ ಗೆಳೆಯ ಮಲ್ಲೇಶ ತನ್ನ ಕಾಲ ಮೇಲೆ ನಡೆದು ಆ ಶಾಲೆಗೆ ಹೋಗಿ, ಪ್ಲಾಸ್ಟಿಕ್ ಸುತ್ತಿಸಿಕೊಂಡು ಹೊರಗೆ ಬಂದಿದ್ದ. ಮಣ್ಣು ಹಾಕಲು ಸಹ ಓಬಳೆಪ್ಪ ಹೋಗಿರಲಿಲ್ಲ.

ಬೆಳಿಗ್ಗೆ ಎದ್ದವನೇ ಗಿರಣಿಗೆ ಹೋಗಿ, ಖಾರ ಬೀಸುವ ಯಂತ್ರದ ಬಾಯಿಗೆ ಮೂಗು ಇಟ್ಟು ಜೋರಾಗಿ ಉಸಿರೆಳೆದ. ಮನೆಗೆ ಬರುವಷ್ಟರಲ್ಲಿ ಕೆಮ್ಮು ಹಳೇ ಟ್ರ್ಯಾಕ್ಟರಿನಂತೆ ಬಡಿದುಕೊಳ್ಳುತ್ತಿತ್ತು.

"ಏನಾತ್ರಿ?" ಎಂದಳು ಹೆಂಡತಿ ಹನುಮಂತಮ್ಮ.

"ಮೈ ಬೆಚ್ಚಗಾಗೇತಿ. ಇವತ್ತ ನನ್ನ ಕೈಲೆ ಆಗಂಗಿಲ್ಲಂತ ಪಾದ್ರಿಗಳಿಗೆ ಹೇಳಿ ಬಾ."

ಹನುಮಂತಮ್ಮ ಚಪ್ಪಲಿ ಮೆಟ್ಟುವ ಮೊದಲೇ ಪಕ್ಕದ ಮನೆಯ ಪಕ್ಕೀರವ್ವ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಆಕೆಯ ಬಾಯಿಗೆ ಮಾಸ್ಕ್ ಇತ್ತು, ಮಾತಿಗೆ ಇರಲಿಲ್ಲ. ಹಿತ್ತಲ ಗೋಡೆ ಮೇಲೆ ಹಿಂದಿನ ಮನೆಯ ಬಾನುಬೀ ಕಷಾಯದ ಚಂಬು ತಂದಿಟ್ಟಳು. "ಕುಡೀರಿ ಅಣ್ಣಾ, ನಮ್ಮ ಬೆಕ್ಕಿಗೂ ಇದರಿಂದನ ಆರಾಮಾತು." ಓಬಳೆಪ್ಪ ಕುಡಿದ. ಕಷಾಯದಲ್ಲಿ ಮೆಣಸೇ ಹೆಚ್ಚಿತ್ತು, ಕೆಮ್ಮು ಇಮ್ಮಡಿಯಾಯಿತು. ಆ ಹೊತ್ತಿಗೆ ಸರಿಯಾಗಿ ಆಶಾ ಕಾರ್ಯಕರ್ತೆ ನೇತ್ರಾವತಿ ಬಾಗಿಲಲ್ಲಿ ನಿಂತಿದ್ದಳು.

"ಬರೇ ನೆಗಡೀರಿ ಅಕ್ಕಾರ!" ಎಂದ ಓಬಳೆಪ್ಪ.

"ಇರಬಹುದು. ಟೆಸ್ಟ್ ಕಿಟ್ ಮುಗದಾವ, ಸಂಜೀಗೆ ಕೊಪ್ಪಳದಿಂದ ಬರ್ತಾವ. ಅಲ್ಲೀತನಕ ಸಾಲ್ಯಾಗ ಇರ್ರಿ."

"ಯಾವ ಸಾಲ್ಯಾಗ?"

"ಊರಾಗ ಎಷ್ಟ ಸಾಲಿ ಅದಾವ್ರಿ?"

ಶಾಲೆಯಲ್ಲಿ ಗೋಡೆಗುಂಟ ಚಾಪೆ ಹಾಸಿದ್ದರು. ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸೇವೆಗೆಂದು ಒಳಗೇ ಉಳಿದಿದ್ದ ಅಕ್ಬರ ಎಂಬವನು ಒಬ್ಬನೇ ಎಲ್ಲರಿಗೂ ಗಂಜಿ ಬಡಿಸುತ್ತಿದ್ದ. ಮೂಲೆಯಲ್ಲಿ ಮುದುಕಿ ಹಸನಬೀ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಗಂಜಿ ಆರಿ ಕೆನೆಗಟ್ಟಿತ್ತು.

"ಸ್ವಲ್ಪ ಕುಡಿಯವಾ," ಎಂದ ಓಬಳೆಪ್ಪ, ಮೂಗು ಬಾಯಿ ಬಿಗಿಯಾಗಿ ಕಟ್ಟಿಕೊಂಡು, ದೂರದಿಂದ.

"ಯಾರ ಸಲುವಾಗಿ ಕುಡೀಲಪಾ? ಹೆಸರ ಹಿಡದು ಕರೆಯೋರ ಯಾರದಾರ ನನಗ?"

ಸಂಜೆ ಕಂಪೌಂಡಿನ ಆಚೆ ಹಾಡು ಕೇಳಿಸಿತು. ಸಭೆಯವರೆಲ್ಲ ಬಂದಿದ್ದರು. "ಕರ್ತನೇ, ನಮ್ಮ ಓಬಳೆಪ್ಪನನ್ನು ಎಬ್ಬಿಸು!" ಪಾದ್ರಿಗಳ ದನಿ ನಡುಗುತ್ತಿತ್ತು. ಹನುಮಂತಮ್ಮ ಗೊಳೋ ಎಂದು ಅಳುತ್ತಿದ್ದಳು. ನೆಲ ಬಿರಿದು ನುಂಗಬಾರದೇ ಅನಿಸಿತು ಓಬಳೆಪ್ಪನಿಗೆ.

ಹಸನಬೀ ಮಗ್ಗುಲಾದಳು. "ನನ್ನ ಹೆಸರೂ ಹೇಳಾಕ ಹಚ್ಚಪಾ."

ಓಬಳೆಪ್ಪ ಕಿಟಕಿಗೆ ಬಾಯಿಟ್ಟು ಗಿರಣಿ ದನಿಯಲ್ಲಿ ಕೂಗಿದ: "ಹಸನಬೀ ಸಲುವಾಗೂ ಮಾಡ್ರಿ!" ಗೋಡೆಯಾಚೆಯಿಂದ ಅವಳ ಹೆಸರು ಇಪ್ಪತ್ತು ಬಾಯಲ್ಲಿ ತಿರುಗಿ ಬಂತು. ಮುದುಕಿ ಎದ್ದು ಕೂತಳು. "ನಂದೂ ಹೇಳೋ!" ಎಂದ ಇನ್ನೊಬ್ಬ. "ನಂದು, ಕರಿಬಸಪ್ಪ!" ಒಂದೊಂದೇ ಹೆಸರು ಹೊರಗೆ ಹೋಗಿ, ಪ್ರಾರ್ಥನೆಯಾಗಿ ಒಳಗೆ ಬರತೊಡಗಿತು. ಹಸನಬೀ ಬಟ್ಟಲು ಹತ್ತಿರ ಎಳೆದುಕೊಂಡಳು. ಮಲ್ಲೇಶನ ಹೆಸರನ್ನು ಹೀಗೆ ಯಾರೂ ಕೂಗಿರಲಿಲ್ಲ ಎಂಬುದು ನೆನಪಾಗಿ ಓಬಳೆಪ್ಪ ಕಣ್ಣೊರೆಸಿಕೊಂಡ. ಈ ಸಲ ಖಾರದಿಂದಲ್ಲ.

ಅಷ್ಟರಲ್ಲಿ ಕಿಟ್ ಬಂತು. ನೇತ್ರಾವತಿ ಎಲ್ಲರನ್ನೂ ಪರೀಕ್ಷಿಸಿದಳು.

"ನಿಮಗೇನೂ ಇಲ್ರಿ ಓಬಳೆಪ್ಪ."

ಓಬಳೆಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಎಲ್ಲಿಗೆ? ರೋಗಿಗಳ ಜೋಡಿ ಒಳಗ ಇದ್ದೋರು ಇನ್ನ ಎರಡ ವಾರ ಹೊರಗ ಹೋಗಂಗಿಲ್ಲ. ಅಕ್ಬರಗ ಪಾಸಿಟಿವ್ ಬಂದೈತಿ. ಗಟ್ಟಿ ಇರೋರು ನೀವೊಬ್ರ. ಸೌಟ ಹಿಡೀರಿ."

ಓಬಳೆಪ್ಪ ಸೌಟು ಹಿಡಿದು ಕಿಟಕಿಗೆ ಬಂದ. "ಪಾದ್ರಿಗಳ, ನೀವು ಹಚ್ಚಿದ ಕೆಲಸ ಕಡೀಗೂ ನನ್ನ ಬಿಡಲಿಲ್ಲ ನೋಡ್ರಿ! ಒಳಗ ನಿಂತು ಬಡಸಾಕತ್ತೇನಿ!"

"ಒಳಗ?" ಪಾದ್ರಿಗಳು ಬೆರಗಾದರು. "ಒಳಗ ಹೋಗಂತ ಯಾರ ಹೇಳಿದ್ರು? ಗೇಟಿನ ಹೊರಗ, ಬೇವಿನ ಗಿಡದ ಬುಡಕ ಗಂಜಿ ಪಾತ್ರಿ ಇಟ್ಟು ಮನಿಗೆ ಹೋಗೂದಷ್ಟ ಇತ್ತು ನಿಮ್ಮ ಕೆಲಸ!"

ಓಬಳೆಪ್ಪ ಕೈಯಲ್ಲಿದ್ದ ಸೌಟನ್ನೇ ನೋಡಿದ. ಪಾದ್ರಿಗಳು ಮಾತ್ರ ಕೈ ಎತ್ತಿದರು. "ಕರ್ತನೇ, ಈ ನಿನ್ನ ಸೇವಕನ ಪ್ರಾರ್ಥನೆ ಕೇಳಿದ್ದಕ್ಕೆ ಸ್ತೋತ್ರ!"

ಗೋಡೆಯಾಚೆ ಎಲ್ಲರೂ ಆಮೆನ್ ಅಂದರು. ಓಬಳೆಪ್ಪನೂ ಅಂದ. ಹುಟ್ಟಿದಾಗಿನಿಂದ ಮೊದಲ ಸಲ, ಮೆಲ್ಲಗೆ.

"ಆಮೀನ್," ಎಂದು ಹಸನಬೀ ಬಟ್ಟಲು ಮುಂದೆ ಹಿಡಿದಳು. "ತಳದಾಗಿನ ಗಟ್ಟೀದು ಹಾಕಪಾ."